ವಾಸ್ತುಶಿಲ್ಪ ಪದವೀಧರರೂ ನಮ್ಮ ನಾಲ್ಕು ತಾಲ್ಲೂಕುಗಳೂ

ಪಿ.ಯು.ಸಿ. ಪರೀಕ್ಷೆಯ ಫಲಿತಾಂಶ ಪ್ರಕಟವಾದೊಡನೆ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ಗೃಹಸ್ಥರಲ್ಲಿ ಮಕ್ಕಳ ಮುಂದಿನ ವಿದ್ಯೆಯ ಚಿಂತೆ ಆರಂಭವಾಗುತ್ತದೆ. ವೈದ್ಯವಿದ್ಯೆಯ ವಿಷಯದಲ್ಲಿಯೂ ಇಂಜಿನಿಯರಿಂಗ್ ವಿಷಯದಲ್ಲಿಯೂ ಯಾರೂ ಪತ್ರಿಕೆಯವರನ್ನು ಕೇಳಬೇಕಾಗಿಲ್ಲ. ನೆರೆಮನೆಯವರೇ ಬಂದು ಹೇಳಿ ಹೋಗುತ್ತಾರೆ. ಆದರೆ ಮಗನಾಗಲಿ ಮಗಳಾಗಲಿ ಆರ್ಕಿಟೆಕ್ಚರ್ ಓದುತ್ತೇನೆಂದು ಹಟ ಹಿಡಿದಲ್ಲಿ ಹಿರಿಯರಿಗೆ ದಿಕ್ಕು ತೋಚದು. ಮನೆ ಕಟ್ಟುವುದಕ್ಕೆ ಮೇಸ್ತ್ರಿಯಿದ್ದಾನೆ. ನಕ್ಷೆಗೆ ರುಜು ಹಾಕುವುದಕ್ಕೆ ಇಂಜಿನಿಯರಿದ್ದಾನೆ. ಬಾಗಿಲು ಯಾವ ದಿಕ್ಕಿಗಿರಬೇಕೆಂದು ಹೇಳುವುದಕ್ಕೆ ಜೋಯಿಸರಿದ್ದಾರೆ. ಇವರ ನಡುವೆ ಐದು ವರ್ಷ ಓದಿ ಬಂದ ಆರ್ಕಿಟೆಕ್ಟನಿಗೆ ಉಳಿಯುವ ಕೆಲಸವಾವುದು?

ಈ ಪ್ರಶ್ನೆ ಅಲ್ಲಗಳೆಯತಕ್ಕದ್ದಲ್ಲ. ಐದು ವರ್ಷದ ಶುಲ್ಕ, ವಸತಿ, ಕಾಗದ, ಕಂಪ್ಯೂಟರು ಇವುಗಳ ಖರ್ಚಿಗಾಗಿ ಹಿಪ್ಪುನೇರಳೆ ತೋಟವನ್ನು ಆಧಾರವಿಟ್ಟ ತಂದೆಗೆ ಉತ್ತರ ಕೇಳುವ ಹಕ್ಕು ಉಂಟು. ಕೆಲಸವು ಹೇರಳವಾಗಿರುವ ಸ್ಥಳಕ್ಕೆ ಈ ಪದವೀಧರರು ಹೋಗುತ್ತಿಲ್ಲ, ಅವರು ಹೋಗುವ ಸ್ಥಳದಲ್ಲಿ ನೂಕುನುಗ್ಗಲು ವಿಪರೀತವಾಗಿದೆ ಎಂಬುದು ನಮ್ಮ ಅಭಿಪ್ರಾಯ. ಕೆಲಸ ಹೇರಳವಾಗಿರುವ ಸ್ಥಳವೆಂದರೆ ಈ ನಾಲ್ಕು ತಾಲ್ಲೂಕುಗಳೇ.

ಮೊದಲು ಪದವಿಯ ಸ್ವರೂಪವನ್ನು ತಿಳಿಯುವುದು ಲೇಸು. ಗಣಿತವನ್ನು ಓದಿ ಪಿ.ಯು.ಸಿ. ಮುಗಿಸಿದವರು 2006ರಲ್ಲಿ ಆರಂಭವಾದ ‘ನಾಟಾ’ ಎಂಬ ಯೋಗ್ಯತಾ ಪರೀಕ್ಷೆಯಲ್ಲಿ ಉತ್ತೀರ್ಣರಾಗಿ ಕಾಲೇಜು ಸೇರುತ್ತಾರೆ. ಹತ್ತು ಸೆಮಿಸ್ಟರುಗಳ ವ್ಯಾಸಂಗ. ಅದರಲ್ಲಿ ಒಂದು ಸೆಮಿಸ್ಟರನ್ನು ಅನುಭವಸ್ಥರ ಕಚೇರಿಯಲ್ಲಿ ಕಳೆಯಬೇಕು. ಪದವಿ ಕೈಗೆ ಬಂದರೂ 1972ರ ಆರ್ಕಿಟೆಕ್ಟ್ಸ್ ಕಾಯಿದೆಯ ಮೇರೆಗೆ ಸ್ಥಾಪಿತವಾದ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್ ಎಂಬ ಪರಿಷತ್ತಿನಲ್ಲಿ ಹೆಸರನ್ನು ನೋಂದಾಯಿಸದೆ ತನ್ನನ್ನು ಆರ್ಕಿಟೆಕ್ಟ್ ಎಂದು ಕರೆದುಕೊಳ್ಳಲಾಗದು. ಹೀಗೆ ನೋಂದಾಯಿತರಾದವರು ದೇಶದಲ್ಲಿ ಲಕ್ಷಕ್ಕೂ ಮಿಕ್ಕಿದ್ದಾರೆ.

ಇಲ್ಲಿ ಒಂದು ಸೂಕ್ಷ್ಮವಿದೆ. 2020ನೆಯ ಇಸವಿ ಮಾರ್ಚ್ 17ರಂದು ಸುಪ್ರೀಂ ಕೋರ್ಟು ಸದರಿ ಕಾಯಿದೆಯ 37ನೆಯ ಪ್ರಕರಣವನ್ನು ವಿಮರ್ಶಿಸಿ, ಆ ಪ್ರಕರಣವು ಆರ್ಕಿಟೆಕ್ಟ್ ಎಂಬ ಹೆಸರನ್ನು ಅನ್ಯರು ಬಳಸದಂತೆ ತಡೆಯುವುದೇ ಹೊರತು ಕಟ್ಟಡದ ವಿನ್ಯಾಸ ಮಾಡುವ ಕೆಲಸವನ್ನು ಅನ್ಯರಿಗೆ ನಿಷೇಧಿಸುವುದಿಲ್ಲವೆಂದು ತೀರ್ಪಿತ್ತಿತು. ಎಂದರೆ ಹೆಸರಿಗೆ ರಕ್ಷಣೆಯುಂಟು, ಕಸುಬಿಗಿಲ್ಲ. ಸನ್ನದಿಲ್ಲದವನು ಕೋರ್ಟಿನಲ್ಲಿ ವಕಾಲತ್ತು ವಹಿಸಲಾರ, ರೋಗಿಗೆ ಶಸ್ತ್ರಚಿಕಿತ್ಸೆ ಮಾಡಲಾರ. ಮನೆಯ ನಕ್ಷೆಯನ್ನಾದರೋ ಬರೆಯಬಲ್ಲ. ಆದಕಾರಣ ಈ ಪದವೀಧರನು ಕಾಯಿದೆಯ ಆಶ್ರಯದಲ್ಲಿ ಅನ್ನ ಸಂಪಾದಿಸುವೆನೆಂದು ನಂಬುವಂತಿಲ್ಲ. ಮೇಸ್ತ್ರಿಯ ಮನೆಗಿಂತ ತನ್ನ ಮನೆ ತಂಪಾಗಿದೆ, ಬೆಳಕಾಗಿದೆ, ಖರ್ಚಿನಲ್ಲಿ ಹಿತವಾಗಿದೆ ಎಂದು ಮಾಡಿ ತೋರಿಸಿದರೆ ಮಾತ್ರ ಅವನನ್ನು ಜನ ಹುಡುಕಿಕೊಂಡು ಬಂದಾರು.

ಪದವೀಧರರಲ್ಲಿ ಬಹುಮಂದಿ ಹಿಡಿಯತಕ್ಕ ದಾರಿ ಬೆಂಗಳೂರಿನ ಕಚೇರಿಗಳದು. ಅದು ಕೆಟ್ಟ ದಾರಿಯೆಂದು ನಾವು ಹೇಳುವುದಿಲ್ಲ. ಎರಡು ಮೂರು ವರ್ಷ ಸಮರ್ಥರಾದ ಹಿರಿಯರ ಕೈಕೆಳಗೆ ದುಡಿಯದೆ ಈ ವಿದ್ಯೆ ಕರಗತವಾಗದು. ಆದರೆ ಅಲ್ಲಿನ ಮೊದಲ ಸಂಬಳ ಅದೇ ವಯಸ್ಸಿನ ಸಾಫ್ಟ್‌ವೇರ್ ನೌಕರನ ಸಂಬಳದ ಸಮೀಪಕ್ಕೂ ಸಾಮಾನ್ಯವಾಗಿ ಬರುವುದಿಲ್ಲ. ಮುಂಜಾನೆ ಚನ್ನಪಟ್ಟಣದಲ್ಲಿ ರೈಲು ಹತ್ತಿ ರಾತ್ರಿ ಮರಳುವ ತರುಣನು ಯಾವುದೋ ಬಹುಮಹಡಿ ಕಟ್ಟಡದ ಸ್ನಾನಗೃಹಗಳನ್ನೂ ಮೆಟ್ಟಿಲುಗಳನ್ನೂ ಕಂಪ್ಯೂಟರಿನಲ್ಲಿ ಎಳೆಯುತ್ತ ವರ್ಷ ಕಳೆಯುತ್ತಾನೆ. ಕಟ್ಟಡದ ನೆಲವನ್ನೂ ಅದರಲ್ಲಿ ವಾಸಿಸತಕ್ಕವರನ್ನೂ ಅವನು ಕಂಡಿರುವುದಿಲ್ಲ. ಕೆಲವರು ಒಳಾಂಗಣದ ಅಲಂಕಾರಕ್ಕೆ ತಿರುಗುತ್ತಾರೆ, ಕೆಲವರು ಕೊಲ್ಲಿ ದೇಶಗಳಿಗೆ ಹೋಗುತ್ತಾರೆ, ಕೆಲವರು ಸ್ನಾತಕೋತ್ತರ ಪದವಿ ಪಡೆದು ಉಪಾಧ್ಯಾಯರಾಗುತ್ತಾರೆ. ಕೆಲವರು ಕಸುಬನ್ನೇ ಬಿಡುತ್ತಾರೆ. ಇದನ್ನು ಕಾಲೇಜುಗಳ ಪ್ರಕಟಣಾಪತ್ರಗಳಲ್ಲಿ ಕಾಣಲಾಗದು.

ಸರ್ಕಾರಿ ನೌಕರಿಯ ದಾರಿಯೂ ಉಂಟು. ಲೋಕೋಪಯೋಗಿ ಇಲಾಖೆಯಲ್ಲಿ ಮುಖ್ಯ ವಾಸ್ತುಶಿಲ್ಪಿಗಳ ಕಚೇರಿಯಿದೆ; ನಗರ ಮತ್ತು ಗ್ರಾಮಾಂತರ ಯೋಜನಾ ಇಲಾಖೆಯಿದೆ; ಕೇಂದ್ರದ ಲೋಕೋಪಯೋಗಿ ಇಲಾಖೆಗೆ ಯು.ಪಿ.ಎಸ್.ಸಿ. ಮೂಲಕ ಆರ್ಕಿಟೆಕ್ಟರನ್ನು ಆರಿಸುವುದುಂಟು. ಆದರೆ ಹುದ್ದೆಗಳು ವಿರಳ, ಕಾಯುವ ಕಾಲ ದೀರ್ಘ. ಸರ್ಕಾರವು ಮನಸ್ಸು ಮಾಡಿದಲ್ಲಿ ಈ ವಿದ್ಯೆಯಿಂದ ಏನಾಗಬಲ್ಲದೆಂಬುದಕ್ಕೆ ನಮ್ಮ ನಾಡಿನಲ್ಲಿಯೇ ದೃಷ್ಟಾಂತಗಳಿವೆ. ಹಿಟ್ಲರನ ಆಳ್ವಿಕೆಯಿಂದ ದೇಶಬಿಟ್ಟ ಆಟೊ ಕೋನಿಗ್ಸ್‌ಬರ್ಗರ್ ಎಂಬ ಜರ್ಮನ್ ಆರ್ಕಿಟೆಕ್ಟನನ್ನು ಮೈಸೂರು ಸಂಸ್ಥಾನದವರು 1939ರಲ್ಲಿ ಕರೆತಂದು ಮುಖ್ಯ ವಾಸ್ತುಶಿಲ್ಪಿಯ ಪದವಿಯನ್ನಿತ್ತರು. 1948ರ ವರೆಗೆ ಅವನು ಇಲ್ಲಿ ಕೆಲಸ ಮಾಡಿದನು. ನಮ್ಮ ಬಿಸಿಲು, ಗಾಳಿ, ಮಳೆಗಳನ್ನು ಅಭ್ಯಾಸ ಮಾಡಿದನು. ಮುಂದೆ ಲಂಡನ್ನಿಗೆ ಹೋಗಿ ಉಷ್ಣದೇಶಗಳ ಕಟ್ಟಡಶಾಸ್ತ್ರವನ್ನು ಜಗತ್ತಿಗೆ ಬೋಧಿಸಿದನು. ಪರದೇಶದವನು ನಮ್ಮ ಹವೆಯನ್ನು ಓದಿ ಆಚಾರ್ಯನಾದನು. ನಮ್ಮ ಹುಡುಗರು ಅದೇ ಹವೆಯಲ್ಲಿ ಹುಟ್ಟಿಯೂ ಗಾಜಿನ ಗೋಡೆಯನ್ನು ಎಳೆಯುವುದರಲ್ಲಿ ನಿರತರಾಗಿದ್ದಾರೆ.

ಇನ್ನೊಂದು ದೃಷ್ಟಾಂತ ಮತ್ತಷ್ಟು ಹತ್ತಿರದ್ದು. ವಿಧಾನಸೌಧದ ಶಂಕುಸ್ಥಾಪನೆಯು 1951ರ ಜುಲೈ 13ರಂದು ಆಯಿತು. ಅದರ ರೂಪವನ್ನು ಬದಲಾಯಿಸಿ ಈಗ ನಾವು ಕಾಣುವ ಕಲ್ಲಿನ ಸೌಧವನ್ನು ಕಟ್ಟಿಸಿದವರು ರಾಮನಗರದ ಸಮೀಪದ ಲಕ್ಕಪ್ಪನಹಳ್ಳಿಯಲ್ಲಿ 1908ರಲ್ಲಿ ಜನಿಸಿದ ಕೆಂಗಲ್ ಹನುಮಂತಯ್ಯನವರು. ನಕ್ಷೆಯ ಹೊಣೆ ಹೊತ್ತವರು ಬಿ. ಆರ್. ಮಾಣಿಕಂ ಅವರು. 1956ರಲ್ಲಿ ಅದು ಮುಗಿಯುವ ಹೊತ್ತಿಗೆ ಕಲ್ಲುಕುಟಿಗರು, ಗಾರೆಯವರು, ಮರಗೆತ್ತನೆಯವರು ಸೇರಿ 1,500ಕ್ಕೂ ಹೆಚ್ಚು ಕುಶಲಕರ್ಮಿಗಳು ಅಲ್ಲಿ ದುಡಿದಿದ್ದರು. ಆ ಸೌಧದ ಖರ್ಚುವೆಚ್ಚದ ವಿಷಯದಲ್ಲಿ ಆಗ ಎದ್ದ ವಾದವಿವಾದಗಳು ಇಲ್ಲಿ ಪ್ರಸ್ತುತವಲ್ಲ. ನಮ್ಮ ಕಲ್ಲು, ನಮ್ಮ ಉಳಿ, ನಮ್ಮ ಕೈ ಇವುಗಳಿಂದ ಒಂದು ರಾಜ್ಯದ ಮುಖ್ಯ ಕಟ್ಟಡವೇಳಬಹುದೆಂದು ನಂಬಿದವರು ಈ ಸೀಮೆಯವರು ಎಂಬುದಷ್ಟೇ ನಮಗೆ ಬೇಕಾದದ್ದು.

ಈಗ ನಮ್ಮ ತಾಲ್ಲೂಕುಗಳ ಕಡೆಗೆ ದೃಷ್ಟಿ ಹರಿಸೋಣ. 2007ರಲ್ಲಿ ರಾಮನಗರ ಜಿಲ್ಲೆಯಾಯಿತು. 2025ರಲ್ಲಿ ಅದಕ್ಕೆ ಬೆಂಗಳೂರು ದಕ್ಷಿಣ ಜಿಲ್ಲೆ ಎಂದು ಹೆಸರಿಡಲಾಯಿತು. ಹೆಸರು ಬದಲಾಗುವುದಕ್ಕೆ ಮೊದಲೇ ನೆಲ ಬದಲಾಗಿತ್ತೆಂಬುದನ್ನು ಬಿಡದಿಯ ಕಡೆಯವರೆಲ್ಲ ಬಲ್ಲರು. 2023ರ ಮಾರ್ಚಿನಲ್ಲಿ ಬೆಂಗಳೂರು–ಮೈಸೂರು ಹೊಸ ಹೆದ್ದಾರಿಯ ಉದ್ಘಾಟನೆಯಾದ ಮೇಲೆ ಹೊಲಗಳು ನಿವೇಶನಗಳಾಗುವ ವೇಗ ಇನ್ನೂ ಹೆಚ್ಚಿದೆ. ಎಲ್ಲೆಲ್ಲಿಯೂ ಮನೆಗಳೇಳುತ್ತಿವೆ; ಆದರೆ ಎಂತಹ ಮನೆಗಳು! ಜಗಲಿ ಹೋಯಿತು, ತೊಟ್ಟಿ ಹೋಯಿತು, ಹಂಚು ಹೋಯಿತು. ನಿವೇಶನದ ಅಂಚಿನ ವರೆಗೆ ಗೋಡೆ, ಮೇಲೆ ಕಾಂಕ್ರೀಟು. ಚೈತ್ರ ವೈಶಾಖಗಳಲ್ಲಿ ಹಗಲೆಲ್ಲ ಕಾದ ತಾರಸಿಯು ರಾತ್ರಿಯೆಲ್ಲ ಆ ಕಾವನ್ನು ಮಲಗಿದವರ ಮೇಲೆ ಸುರಿಯುತ್ತದೆ. ತಂಪು ಬೇಕೆಂದರೆ ಯಂತ್ರವನ್ನು ಕೊಳ್ಳಬೇಕು, ಅದಕ್ಕೆ ವಿದ್ಯುತ್ತಿನ ಹಣ ತೆರಬೇಕು. ಮುತ್ತಜ್ಜನು ಧರ್ಮಾರ್ಥವಾಗಿ ಅನುಭವಿಸಿದ ಗಾಳಿಯನ್ನು ಮೊಮ್ಮಗನು ತಿಂಗಳು ತಿಂಗಳೂ ಕೊಳ್ಳುತ್ತಿದ್ದಾನೆ.

ಮನೆಯ ಮಾತು ಹೀಗಾಯಿತು. ಹುಳುವಿನ ಮನೆಯ ಮಾತನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕಾಗಿದೆ. ಯಾಕೆಂದರೆ ರೇಷ್ಮೆಯು ಈ ಸೀಮೆಯ ಜೀವನಾಧಾರ, ರಾಮನಗರದ ಗೂಡಿನ ಮಾರುಕಟ್ಟೆ ಏಷ್ಯಾ ಖಂಡದಲ್ಲಿಯೇ ಹಿರಿದೆಂದು ಹೆಸರಾದದ್ದು. ರೇಷ್ಮೆ ಹುಳುವಿನಷ್ಟು ಕಟ್ಟಡದ ಗುಣದೋಷಗಳನ್ನು ಬಲ್ಲ ಪರೀಕ್ಷಕ ಇನ್ನೊಂದಿಲ್ಲ. ಚಾಕಿ ಹಂತದ ಎಳೆಯ ಹುಳುವಿಗೆ 26ರಿಂದ 28 ಡಿಗ್ರಿ ಸೆಲ್ಸಿಯಸ್ ಶಾಖವೂ ನೂರಕ್ಕೆ 80ರಿಂದ 90ರಷ್ಟು ತೇವವೂ ಬೇಕು. ನಾಲ್ಕನೆಯ ಜ್ವರದಿಂದೆದ್ದ ದೊಡ್ಡ ಹುಳುವಿಗೆ 24–25 ಡಿಗ್ರಿ ಸಾಕು, ತೇವ 70ರ ಸುಮಾರಿಗೆ ಇಳಿಯಬೇಕು, ಗಾಳಿ ಧಾರಾಳವಾಗಿ ಆಡಬೇಕು. ಹುಳು ತನ್ನ ಆಯುಸ್ಸಿನಲ್ಲಿ ತಿನ್ನುವ ಸೊಪ್ಪಿನಲ್ಲಿ ನೂರಕ್ಕೆ 80 ಪಾಲಿಗೂ ಹೆಚ್ಚನ್ನು ಈ ಕೊನೆಯ ಹಂತದಲ್ಲಿಯೇ ತಿನ್ನುವುದರಿಂದ ಸೊಪ್ಪಿನ ತೇವ, ಹಿಕ್ಕೆಯ ಕಾವು, ಉಸಿರಿನ ಬಿಸಿ ಎಲ್ಲವೂ ಒಮ್ಮೆಗೇ ಮನೆಯನ್ನು ತುಂಬುತ್ತವೆ. ಗಾಳಿಗಾಗಿ ಕಿಟಕಿ ತೆರೆದರೆ ಊಜಿ ನೊಣ ಬರುತ್ತದೆ. ನೊಣ ಬಾರದಂತೆ ಬಲೆ ಹೊಡೆದರೆ ಗಾಳಿ ಕುಗ್ಗುತ್ತದೆ. ಬೆಳೆಬೆಳೆಗೂ ನೆಲವನ್ನೂ ಗೋಡೆಯನ್ನೂ ಔಷಧಿಯಿಂದ ತೊಳೆಯಬೇಕು, ಇರುವೆ ಹತ್ತಬಾರದು, ಬಿಸಿಲು ನೇರವಾಗಿ ಬೀಳಬಾರದು.

ಇಷ್ಟು ಕಟ್ಟಳೆಗಳುಳ್ಳ ಕಟ್ಟಡವನ್ನು ಈಗ ಕಟ್ಟುತ್ತಿರುವವರು ಯಾರು? ಉಗ್ರಾಣ ಕಟ್ಟಿದ ಕೈಯೇ ಹುಳುವಿನ ಮನೆಯನ್ನೂ ಕಟ್ಟುತ್ತದೆ. ಮೇಲೆ ತಗಡು ಹೊದಿಸಿ ಬೇಸಗೆಯಲ್ಲಿ ಗೋಣಿತಟ್ಟು ತೋಯಿಸಿ ತೂಗುಹಾಕಿ ರೈತನು ದೇವರ ಮೇಲೆ ಭಾರ ಹಾಕುತ್ತಾನೆ. ಹೆಚ್ಚು ಬೆಲೆ ತರುವ ದ್ವಿತಳಿ ಹುಳು ಮಿಶ್ರತಳಿಗಿಂತ ಸುಕುಮಾರವಾದ್ದರಿಂದ ಕಾವು ಮೀರಿದರೆ ಅದಕ್ಕೇ ಮೊದಲ ಪೆಟ್ಟು. ಒಂದು ಬೆಳೆ ಕೆಟ್ಟಿತೆಂದರೆ ಸುಮಾರು ಒಂದು ತಿಂಗಳ ಸೊಪ್ಪು, ಕೂಲಿ, ಚಾಕಿಯ ಹಣ ಎಲ್ಲವೂ ತಿಪ್ಪೆಗೆ. ಉದ್ದ ಗೋಡೆಯನ್ನು ದಕ್ಷಿಣೋತ್ತರಗಳಿಗೆ ಮುಖಮಾಡಿ ನಿಲ್ಲಿಸುವುದು, ಸುತ್ತ ಪಡಸಾಲೆಯನ್ನಿಳಿಸಿ ಗೋಡೆಗೆ ನೆರಳು ಕೊಡುವುದು, ಬಿಸಿಗಾಳಿ ಹೊರಡಲು ಮಾಡಿನ ನೆತ್ತಿಯಲ್ಲಿ ಕಿಂಡಿಯಿಡುವುದು, ಬಲೆಯಿಂದ ಕುಗ್ಗುವ ಗಾಳಿಗೆ ತಕ್ಕಂತೆ ಕಿಟಕಿಯ ಅಳತೆಯನ್ನು ಹಿಗ್ಗಿಸುವುದು—ಇವೆಲ್ಲ ಆರ್ಕಿಟೆಕ್ಚರ್ ಕಾಲೇಜಿನ ಮೊದಲೆರಡು ವರ್ಷದ ಪಾಠಗಳೇ. ಹುಳು ಸಾಕಣೆ ಮನೆಗೆ ಸರ್ಕಾರದ ಸಹಾಯಧನವೂ ದೊರೆಯುವುದುಂಟು. ನಾಲ್ಕು ತಾಲ್ಲೂಕುಗಳ ಹಳ್ಳಿಹಳ್ಳಿಗಳಲ್ಲಿ ಇಂತಹ ಮನೆಗಳು ಬೇಕಾಗಿರುವಾಗ ಆರ್ಕಿಟೆಕ್ಟನಿಗೆ ಕೆಲಸವಿಲ್ಲವೆಂಬ ಮಾತನ್ನು ನಾವು ಹೇಗೆ ಒಪ್ಪೋಣ?

ನೂಲು ಬಿಚ್ಚುವ ಮನೆಗಳ ಸ್ಥಿತಿ ಇದಕ್ಕಿಂತ ಶೋಚನೀಯ. ಗೂಡನ್ನು ಕುದಿನೀರಿನಲ್ಲಿ ಬೇಯಿಸುವ ಆವಿ, ಸತ್ತ ಹುಳುವಿನ ನಾತ, ಒಲೆಯ ಹೊಗೆ. ಒಂದೇ ಸೂರಿನಡಿಯಲ್ಲಿ ಚರಕವೂ ಸಂಸಾರವೂ. ರೇಷ್ಮೆ ಬಿಚ್ಚುವವರಲ್ಲಿ ಉಬ್ಬಸ ಅಧಿಕವೆಂಬುದು ವೈದ್ಯರು ಗುರುತಿಸಿದ ಸಂಗತಿ. ಕೆಲಸದ ಕೋಣೆಯನ್ನೂ ಮಲಗುವ ಕೋಣೆಯನ್ನೂ ಒಂದು ಅಂಗಳದಿಂದ ಬೇರ್ಪಡಿಸಿ, ಆವಿ ಮೇಲಕ್ಕೆ ಹೋಗುವಂತೆ ಮಾಡಿ, ಆ ಕಿರಿದಾದ ನಿವೇಶನದಲ್ಲಿಯೇ ಮನೆಯನ್ನು ಹೊಂದಿಸುವುದು ಬುದ್ಧಿವಂತನಿಗೆ ತಕ್ಕ ಸವಾಲು. ಇದಕ್ಕೆ ಬಹುಮಾನ ಪದಕಗಳು ಬಾರವು. ಒಂದು ಕುಟುಂಬದ ಉಸಿರು ಹಗುರಾದೀತು.

ಕಲ್ಲಿನ ವಿಷಯಕ್ಕೆ ಬರೋಣ. ರಾಮನಗರಕ್ಕೆ ಬ್ರಿಟಿಷರು ಸರ್ ಬ್ಯಾರಿ ಕ್ಲೋಸ್ ಎಂಬವನ ಹೆಸರಿನಿಂದ ಕ್ಲೋಸ್‌ಪೇಟೆಯೆಂದು ಕರೆದಿದ್ದರು. ಊರು ಆ ಹೆಸರನ್ನು ಕಳಚಿತು. ಭೂಗರ್ಭಶಾಸ್ತ್ರದಲ್ಲಿ ಮಾತ್ರ ಇಲ್ಲಿನ ಸುಮಾರು 250 ಕೋಟಿ ವರ್ಷದ ಬಂಡೆಗೆ ಇಂದಿಗೂ ಕ್ಲೋಸ್‌ಪೇಟೆ ಗ್ರಾನೈಟೆಂದೇ ಹೆಸರು. ಬೆಂಕಿಯಿಟ್ಟು ಬಂಡೆಯ ಪದರನ್ನೆಬ್ಬಿಸಿ ಚಪ್ಪಡಿ ಸೀಳುವ ವಿದ್ಯೆ ಇಲ್ಲಿನ ಕಲ್ಲುಕುಟಿಗರ ಮನೆತನಗಳಲ್ಲಿ ಇತ್ತು. ಈಗ ಕನಕಪುರದ ಕಪ್ಪು ಕಲ್ಲು ನುಣುಪಾಗಿ ಪರದೇಶಗಳ ನೆಲಹಾಸಾಗುತ್ತದೆ. ಇಲ್ಲಿ ಏಳುವ ಮನೆಗೆ ಗುಜರಾತಿನಿಂದ ಟೈಲ್ಸ್ ಬರುತ್ತದೆ. ಬಾಲಕೃಷ್ಣ ದೋಶಿಯವರು ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯ ಐ.ಐ.ಎಂ. ವಿದ್ಯಾಲಯವನ್ನು ಒರಟಾದ ಬೂದುಬಣ್ಣದ ಕಲ್ಲಿನಲ್ಲಿ ಕಟ್ಟಿದರು. 2018ರಲ್ಲಿ ಪ್ರಿಟ್ಜ್‌ಕರ್ ಪ್ರಶಸ್ತಿ ಪಡೆದ ಮೊದಲ ಭಾರತೀಯರು ಅವರೇ. ಮಣ್ಣಿನ ವಿಷಯದಲ್ಲಿ ಟಾಟಾ ವಿಜ್ಞಾನ ಮಂದಿರದ ‘ಅಸ್ತ್ರ’ ಎಂಬ ವಿಭಾಗವು 1974ರಿಂದ ಪ್ರಯೋಗ ನಡೆಸಿತು. ಸ್ವಲ್ಪ ಸಿಮೆಂಟು ಬೆರಸಿ ಯಂತ್ರದಲ್ಲಿ ಒತ್ತಿದ ಮಣ್ಣಿನ ಇಟ್ಟಿಗೆಯನ್ನು ಪ್ರೊಫೆಸರ್ ಕೆ. ಎಸ್. ಜಗದೀಶರೇ ಮೊದಲಾದವರು ಪ್ರಚಾರಕ್ಕೆ ತಂದರು. ಸುಡಬೇಕಾಗಿಲ್ಲ, ಸೌದೆ ಬೇಕಾಗಿಲ್ಲ. ಬೆಂಗಳೂರಿನ ಸ್ಥಿತಿವಂತರು ಇಂತಹ ಮಣ್ಣಿನ ಮನೆಗಳನ್ನು ಹೆಮ್ಮೆಯಿಂದ ಕಟ್ಟಿಸಿದ್ದಾರೆ. ಹಳ್ಳಿಯವನು ಮಣ್ಣೆಂದರೆ ಬಡತನವೆಂದು ನಾಚುತ್ತಾನೆ. ಆ ನಾಚಿಕೆಯನ್ನು ಬಿಡಿಸಲು ಅದೇ ಹಳ್ಳಿಯ ಪದವೀಧರನಿಂದಾದೀತು. ಹೊರಗಿನವನ ಉಪದೇಶದಿಂದ ಆಗದು.

ಉಳಿದ ದಾರಿಗಳನ್ನು ಸಂಕ್ಷೇಪವಾಗಿ ಹೇಳುವೆವು. ಮಾಗಡಿಯಲ್ಲಿ ಕೆಂಪೇಗೌಡರ ವಂಶದವರ ಕೋಟೆ, ಸೋಮೇಶ್ವರ ದೇವಾಲಯ, 1791ರ ಡಿಸೆಂಬರಿನಲ್ಲಿ ಕಾರ್ನ್‌ವಾಲಿಸನ ಸೇನೆಗೆ ವಶವಾದ ಸಾವನದುರ್ಗ; 2015ರಲ್ಲಿ ಕೆಂಪಾಪುರದಲ್ಲಿ ಗುರುತಿಸಲಾದ ಹಿರಿಯ ಕೆಂಪೇಗೌಡರ ಸಮಾಧಿ. ಹಳೆಯ ಕಟ್ಟಡಗಳ ಜೀರ್ಣೋದ್ಧಾರವೆಂಬುದು ಪ್ರತ್ಯೇಕ ವಿದ್ಯೆ. ಸುಣ್ಣದ ಗಾರೆಯ ಗೋಡೆಗೆ ಸಿಮೆಂಟು ಮೆತ್ತಿ ಬಣ್ಣ ಬಳಿದವನನ್ನು ಜೀರ್ಣೋದ್ಧಾರಕನೆಂದು ಸನ್ಮಾನಿಸುವ ಪದ್ಧತಿ ನಿಲ್ಲಬೇಕಾದರೆ ಅದನ್ನು ಕಲಿತವರು ಬೇಕು. ಚನ್ನಪಟ್ಟಣದಲ್ಲಿ ಆಲೆಮರವನ್ನು ಕಡೆದು ಅರಗಿನ ಬಣ್ಣ ಹಚ್ಚುವ ಬೊಂಬೆಯವರಿದ್ದಾರೆ. ಅವರ ಕೈಯಿಂದ ಮೆಟ್ಟಿಲ ಕಟಕಟೆ, ದೀಪದ ಕಂಬ, ಬಾಗಿಲ ಹಿಡಿಗಳನ್ನು ಮಾಡಿಸತಕ್ಕ ವಿನ್ಯಾಸಗಾರನಿಗೆ ಮಾರುಕಟ್ಟೆಯಿದೆ. ರಾಮದೇವರ ಬೆಟ್ಟದ ತಪ್ಪಲಿನಲ್ಲಿ ‘ಶೋಲೆ’ ಚಿತ್ರಕ್ಕಾಗಿ ಒಂದು ಹಳ್ಳಿಯನ್ನೇ ಕಟ್ಟಿದ್ದರೆಂಬುದನ್ನು ಇಲ್ಲಿಯ ಹಿರಿಯರು ಇನ್ನೂ ಹೇಳುತ್ತಾರೆ. 1975ರಲ್ಲಿ ತೆರೆಕಂಡ ಆ ಚಿತ್ರದ ಹಳ್ಳಿ ಈಗಿಲ್ಲ, ಆದರೆ ಸಿನಿಮಾದ ರಂಗಸಜ್ಜಿಕೆಯೂ ಈ ಪದವೀಧರರಿಗೆ ತೆರೆದ ಕಸುಬೇ.

ಹಳ್ಳಿಯ ಜನ ನಕ್ಷೆಗೆ ಹಣ ಕೊಡುವರೇ ಎಂಬುದು ಪ್ರತಿವಾದಿಗಳ ಮುಖ್ಯ ಆಕ್ಷೇಪ. ನಕ್ಷೆಗೆ ಕೊಡಲಾರರು, ನಿಜ. ಕಟ್ಟಡದ ವೆಚ್ಚದ ಮೇಲೆ ನೂರಕ್ಕೆ ಇಷ್ಟೆಂದು ಕೇಳುವ ಬೆಂಗಳೂರಿನ ಪದ್ಧತಿ ಇಲ್ಲಿ ಸಲ್ಲದು. ವೆಚ್ಚ ಹೆಚ್ಚಿದಷ್ಟೂ ತನ್ನ ಲಾಭ ಹೆಚ್ಚುವ ಸಲಹೆಗಾರನನ್ನು ರೈತನು ನಂಬುವುದೂ ಇಲ್ಲ. ಮೊದಲೇ ಗೊತ್ತುಮಾಡಿದ ಒಂದು ಮೊಬಲಗು, ಅದನ್ನು ಪಾಯ, ಗೋಡೆ, ಮಾಡು ಎಂದು ಮೂರು ಕಂತುಗಳಲ್ಲಿ ಪಡೆಯುವುದು, ಪ್ರತಿಯಾಗಿ ಕಬ್ಬಿಣ ಸಿಮೆಂಟುಗಳ ದುಂದನ್ನು ಉಳಿಸಿಕೊಡುವುದು—ಇದು ನಡೆಯತಕ್ಕ ದಾರಿ. ಸಾಮಾನು ಮಾರುವವರಿಂದಲೂ ಗುತ್ತಿಗೆದಾರರಿಂದಲೂ ರುಸುಮು ತಿನ್ನಕೂಡದೆಂದು 1989ರ ವೃತ್ತಿ ನಡತೆಯ ನಿಯಮಗಳೇ ಹೇಳುತ್ತವೆ. ಸಣ್ಣ ಊರಿನಲ್ಲಿ ಆ ನಿಯಮವನ್ನು ಮುರಿದವನ ಸುದ್ದಿ ಒಂದು ಸಂತೆಯೊಳಗೆ ಎಲ್ಲರಿಗೂ ತಿಳಿಯುತ್ತದೆ.

ಮೇಸ್ತ್ರಿಯೊಡನೆ ಹಗೆ ಕಟ್ಟಿಕೊಂಡ ಪದವೀಧರನು ಉಳಿಯಲಾರ. ಮೇಸ್ತ್ರಿಗೆ ಕಲ್ಲಿನ ನಾಡಿ ಗೊತ್ತು, ಕೂಲಿಯವರ ಹೆಸರು ಗೊತ್ತು, ಮಳೆ ಬರುವ ದಿಕ್ಕು ಗೊತ್ತು. ಇಬ್ಬರು ಮೂವರು ಪದವೀಧರರು ಒಬ್ಬ ಸಿವಿಲ್ ಇಂಜಿನಿಯರನ್ನು ಸೇರಿಸಿಕೊಂಡು ರಾಮನಗರದಲ್ಲೋ ಕನಕಪುರದಲ್ಲೋ ಒಂದು ಕೋಣೆ ಹಿಡಿದು, ಮೊದಲ ವರ್ಷ ಬೆಂಗಳೂರಿನ ಕಚೇರಿಗಳ ಕೆಲಸವನ್ನೇ ಇಲ್ಲಿ ಕುಳಿತು ಮಾಡುತ್ತ, ಜೊತೆಜೊತೆಗೆ ಊರಿನ ಕೆಲಸವನ್ನು ಬೆಳೆಸಿಕೊಳ್ಳಬಹುದು. ಈ ಕಸುಬಿನಲ್ಲಿ ಹೆಣ್ಣುಮಕ್ಕಳು ಬಹುಸಂಖ್ಯೆಯಲ್ಲಿ ಓದುತ್ತಿರುವುದನ್ನೂ ಹಿರಿಯರು ಗಮನಿಸಬೇಕು. ಅಡಿಗೆಯ ಮನೆಯ ಹೊಗೆ ಎಲ್ಲಿಗೆ ಹೋಗಬೇಕೆಂದು ಗೃಹಿಣಿಯರು ಯಾರೊಡನೆ ಸಲೀಸಾಗಿ ಮಾತಾಡಿಯಾರೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಅಧಿಕಾರಿಗಳಿಗೆ ಎರಡು ಮಾತು. ರಾಮನಗರ, ಚನ್ನಪಟ್ಟಣ, ಕನಕಪುರಗಳಲ್ಲಿ ನಗರಸಭೆಗಳಿವೆ, ಮಾಗಡಿಯಲ್ಲಿ ಪುರಸಭೆಯಿದೆ, ಮೇಲೆ ಯೋಜನಾ ಪ್ರಾಧಿಕಾರಗಳಿವೆ. ಇವರ ಮುಂದೆ ಬರುವ ನಕ್ಷೆಗಳನ್ನು ಪರಿಶೀಲಿಸುವವರು ರಸ್ತೆಗೆ ಬಿಟ್ಟ ಅಡಿಗಳನ್ನು ಎಣಿಸುತ್ತಾರೆ; ಮನೆಯೊಳಗೆ ಗಾಳಿಯಾಡುವುದೇ ಎಂದು ಕೇಳುವವರು ವಿರಳ. 2025ರಲ್ಲಿ ಬಿಡದಿಯ ಬಳಿಯ ಹೊಸ ಉಪನಗರಕ್ಕಾಗಿ ಭೂಸ್ವಾಧೀನದ ಅಧಿಸೂಚನೆ ಹೊರಟಾಗ ಬೈರಮಂಗಲ, ಕಂಚುಗಾರನಹಳ್ಳಿಗಳ ಕಡೆಯ ರೈತರು ತೀವ್ರವಾಗಿ ವಿರೋಧಿಸಿದರು. ಆ ವಿವಾದದ ತೀರ್ಮಾನ ಹೇಗೇ ಆಗಲಿ, ಸಾವಿರಾರು ಎಕರೆಗಳ ನಕ್ಷೆಯನ್ನು ಓದಿ ಅದರಲ್ಲಿ ತನ್ನ ಕೆರೆ ಎಲ್ಲಿ, ಗೋಮಾಳ ಎಲ್ಲಿ, ಮನೆ ಎಲ್ಲಿ ಎಂದು ಹಳ್ಳಿಯವನಿಗೆ ಕನ್ನಡದಲ್ಲಿ ವಿವರಿಸಬಲ್ಲ ಒಬ್ಬ ವಿದ್ಯಾವಂತನು ಪಂಚಾಯಿತಿಯ ಪಕ್ಷದಲ್ಲಿ ಇರಬೇಕಾಗಿತ್ತು. ತಾಲ್ಲೂಕಿಗೊಬ್ಬನಂತೆ ಪಂಚಾಯಿತಿಗಳ ಪರವಾಗಿ ವಾಸ್ತುಶಿಲ್ಪಿಯನ್ನು ನೇಮಿಸಿದರೆ ಆಗತಕ್ಕ ಸಂಬಳದ ವೆಚ್ಚ ಒಂದು ಸ್ವಾಗತ ಕಮಾನಿನ ವೆಚ್ಚಕ್ಕಿಂತ ಹೆಚ್ಚಾಗಲಾರದು.

ಕನಕಪುರದಿಂದ ಬೇರ್ಪಟ್ಟ ಹಾರೋಹಳ್ಳಿ ಹೊಸ ತಾಲ್ಲೂಕಾಗಿದೆ. ಹೊಸ ತಾಲ್ಲೂಕಿಗೆ ಕಚೇರಿ, ಶಾಲೆ, ಆಸ್ಪತ್ರೆ, ವಸತಿಗೃಹಗಳು ಇನ್ನೂ ಹಲವು ವರ್ಷ ಬೇಕಾಗುತ್ತಲೇ ಇರುವುವು. ಎಲ್ಲ ಊರಿಗೂ ಒಂದೇ ಅಚ್ಚಿನ ನಕ್ಷೆಯನ್ನು ಕಳುಹಿಸುವ ಬದಲು, ಈ ಜಿಲ್ಲೆಯಲ್ಲಿ ಹುಟ್ಟಿ ಪದವಿ ಪಡೆದವರಿಂದ ಸ್ಪರ್ಧೆಯ ಮೂಲಕ ನಕ್ಷೆಗಳನ್ನು ತರಿಸಿ, ನುರಿತವರ ಒಂದು ಸಮಿತಿಯಿಂದ ಆರಿಸಿ, ಗೆದ್ದವರಿಗೆ ಕಟ್ಟಡದ ಮೇಲ್ವಿಚಾರಣೆಯನ್ನೂ ವಹಿಸಲು ಜಿಲ್ಲಾಧಿಕಾರಿಗಳು ಮನಸ್ಸು ಮಾಡಬಹುದು. ಮೊದಲ ಸ್ಪರ್ಧೆಯನ್ನು ಒಂದು ಶಾಲೆಗೂ ಒಂದು ಮಾದರಿ ಹುಳು ಸಾಕಣೆ ಮನೆಗೂ ಏರ್ಪಡಿಸಿದರೆ ಸಾಕು. ಇದಕ್ಕೆ ಹೊಸ ಕಾಯಿದೆ ಬೇಕಾಗಿಲ್ಲ. ಒಂದು ಪ್ರಕಟಣೆಯೂ ಎರಡು ತಿಂಗಳ ಅವಧಿಯೂ ಸಾಕು.